ಅಷ್ಟೂರಿನ ಎಂಟು ಮೂಲೆ, ಗಡಿಯಾರದ ಎಂಟು ತಿರುಪು

ಬೀದರಿಗೆ ನಾನು ಹೊರಟಿದ್ದು ಕೋಟೆ ನೋಡುವುದಕ್ಕೆ. ಎರಡು ದಿನ ಅದನ್ನು ಮನಸಾರೆ ನೋಡಿದೆ. ಆದರೆ ಮರಳಿ ಬಂದ ಮೇಲೂ ಕಣ್ಣಿಗೆ ಕಟ್ಟಿದಂತಿರುವುದು ಮೂರನೆಯ ದಿನ.

ಅಂದು ಬೆಳಿಗ್ಗೆ ಅಷ್ಟೂರಿನ ಚೌಖಂಡಿಗೆ ಹೋಗಿದ್ದೆ. ಸೂಫಿ ಸಂತ ಹಜರತ್ ಖಲೀಲುಲ್ಲಾ ಅವರ ಈ ಸಮಾಧಿಯ ಹೊರಗೋಡೆ ಎಂಟು ಮೂಲೆಯದು, ಒಳಗಿನ ಕೋಣೆ ಚೌಕದ್ದು. ಪಕ್ಕದ ಬಹಮನಿ ಸುಲ್ತಾನರ ಗೋರಿಗಳಿಗಿಂತ ನನಗೆ ಇದೇ ಹೆಚ್ಚು ಹಿಡಿಸಿತು. ಕರಿಗಲ್ಲಿನ ಪಟ್ಟಿಗಳ ಅಂಚನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಹೊರಗೆ ಬರುವಷ್ಟರಲ್ಲಿ ಕಾಯುತ್ತೇನೆಂದಿದ್ದ ಆಟೋ ಹೊರಟುಹೋಗಿತ್ತು. ಉರಿಬಿಸಿಲಿನಲ್ಲಿ ಊರಿನತನಕ ನಡೆದೆ. ಅಲ್ಲಿಗೆ ಹೋಗುವವರು ಹೋಗಿಬರುವ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು, ಹಣವನ್ನು ಮರಳಿ ಬಂದ ಮೇಲೆಯೇ ಕೊಡುವುದು ಒಳಿತು.

ಮಧ್ಯಾಹ್ನ ಊರೊಳಗಿನ ಹಳೆಯ ಕಾವಲು ಗೋಪುರ ಚೌಬಾರಾದ ಹತ್ತಿರದ ಗಲ್ಲಿಯಲ್ಲಿ ಬಿದ್ರಿ ಕೆಲಸದ ಹಿರಿಯರೊಬ್ಬರ ಮುಂದೆ ಕುಳಿತೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ತಟ್ಟೆಯನ್ನು ಅವರು ಮೈಲುತುತ್ತದ ನೀರಿನಿಂದ ಕಪ್ಪಾಗಿಸಿ, ಮುಂದೆ ಬೆಳ್ಳಿ ಕೂರಿಸಬೇಕಾದ ಬಳ್ಳಿಯನ್ನು ಉಕ್ಕಿನ ಮೊನೆಯಿಂದ ಬರೆಯುತ್ತಿದ್ದರು. ಸತುವಿಗೇನು ಬೆಲೆ, ಬೆಲೆಯೆಲ್ಲ ಬೆಳ್ಳಿಯದೇ ಅಲ್ಲವೇ ಎಂದು ಕೇಳಿದೆ. “ಬೆಳ್ಳಿ ಅಂಗಡ್ಯಾಗ ಸಿಗ್ತದರಿ, ಕೈ ಸಿಗೂದಿಲ್ಲ,” ಎಂದರು.

ಆ ಮಾತಿಗೆ ನನಗೆ ನೆನಪಾದದ್ದು ಬಹುಕಾಲದಿಂದ ನಾನು ಮೆಚ್ಚಿಕೊಂಡು ಬಂದ ಕೈಗಡಿಯಾರ, 1972ರಲ್ಲಿ ಓಡೆಮಾರ್ ಪಿಗೆ ಸಂಸ್ಥೆ ಹೊರತಂದ ‘ರಾಯಲ್ ಓಕ್’. ದುಬಾರಿ ಗಡಿಯಾರವೆಂದರೆ ಚಿನ್ನದ್ದೇ ಎಂದು ಜನ ನಂಬಿದ್ದ ಕಾಲದಲ್ಲಿ, ಚಿನ್ನದ ಎಷ್ಟೋ ಗಡಿಯಾರಗಳನ್ನು ಮೀರಿಸುವ ಬೆಲೆಗೆ ಅದು ಉಕ್ಕಿನಲ್ಲಿ ಬಂತು. ಮುಳುಗುಗಾರರ ಶಿರಸ್ತ್ರಾಣದ ತಿರುಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೇ ರಾತ್ರಿಯಲ್ಲಿ ಅದರ ನಕ್ಷೆ ಬರೆದೆನೆಂದು ವಿನ್ಯಾಸಕಾರ ಜೆರಾಲ್ಡ್ ಜೆಂಟಾ ಹೇಳಿಕೊಂಡಿದ್ದಾರೆ. 39 ಮಿಲಿಮೀಟರಿನ ಅಗಲ, ದುಂಡು ಮುಖದ ಸುತ್ತ ಎಂಟು ಮೂಲೆಯ ಚೌಕಟ್ಟು, ಮೂಲೆಗೊಂದರಂತೆ ಎಂಟು ತಿರುಪು. ಮುಖದ ಮೇಲೆಲ್ಲ ನೇಯ್ದಂತೆ ಕೊರೆದ ಸಣ್ಣ ಸಣ್ಣ ಚೌಕಗಳು.

ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದೆ. ಹಿರಿಯರು ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದರು. ಬೆಲೆ ಕೇಳುತ್ತಾರೆಂದುಕೊಂಡಿದ್ದೆ.

“ಎಂಟೂ ತಿರುಪಿನ ಗೀರು ದುಂಡಿನ ಗುಂಟನೇ ಹೊಂಟಾವ ನೋಡ್ರಿ. ತಿರುಪು ಎಲ್ಲಿ ಬಿಗಿ ಆಗ್ತದೋ ಅಲ್ಲೇ ನಿಲ್ತದ. ಇವು ಎಂಟೂ ಹಿಂಗ ಹ್ಯಾಂಗ ನಿಂತಾವ?”

ಇಷ್ಟು ವರ್ಷಗಳಲ್ಲಿ ಆ ಚಿತ್ರ ನೋಡಿದ ನನ್ನ ಗೆಳೆಯರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಅವುಗಳ ತಲೆ ಆರು ಮೂಲೆಯದು, ಆರು ಮೂಲೆಯ ಕುಳಿಯಲ್ಲಿ ಕೂತಿರುವುದರಿಂದ ತಿರುಗುವುದೇ ಇಲ್ಲ, ಬಿಗಿಯುವುದೆಲ್ಲ ಹಿಂಬದಿಯಿಂದ ಎಂದು ವಿವರಿಸಿದೆ. ಚೌಕಟ್ಟು, ನೀರು ತಡೆಯುವ ರಬ್ಬರು, ಒಡಲು ಮೂರನ್ನೂ ಅವೇ ಹಿಡಿದಿಡುತ್ತವೆ.

“ಹಂಗಾದ್ರ ಅದು ಬರೇ ಸಿಂಗಾರ ಅಲ್ಲ,” ಎಂದು ತಲೆದೂಗಿದರು.

ಆಮೇಲೆ ಕೈಯಲ್ಲಿದ್ದ ತಟ್ಟೆಯ ಮೂಲೆಯಲ್ಲಿ, ಅಳತೆಗೋಲಿಲ್ಲದೆ, ಎಂಟು ಮೂಲೆಯೊಂದನ್ನು ಗೀಚಿದರು. ಅದರೊಳಗೊಂದು ದುಂಡು, ದುಂಡಿನ ಗುಂಟ ಎಂಟು ಗೀರು. ಒಂದು ಕ್ಷಣ ನೋಡಿ, ಮೈಲುತುತ್ತದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಎಲ್ಲವನ್ನೂ ಮತ್ತೆ ಕಪ್ಪು ಮಾಡಿ, ಬಳ್ಳಿಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು.