ಮೈಸೂರಿನಿಂದ ಮೇಲುಕೋಟೆಗೆ ಸೈಕಲ್: ಹೊತ್ತು ಮುಳುಗುವಾಗ ಪಂಕ್ಚರ್ ಆದರೆ

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿದರೆ ಬೆಟ್ಟ ಎದುರಿಗೇ ಕಾಣುತ್ತದೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತುವ ಯಾರಿಗಾದರೂ ಒಂದೇ ದಿನದಲ್ಲಿ ಹೋಗಿ ಬರಲು ಸಾಧ್ಯವಿರುವ ದಾರಿ ಇದು. ಗದ್ದೆ, ನಾಲೆ, ಕೆರೆ, ಕೊನೆಯಲ್ಲಿ ಕಲ್ಯಾಣಿ ಮತ್ತು ಯೋಗಾನರಸಿಂಹನ ಬೆಟ್ಟ ಎಲ್ಲವೂ ಇರುವುದರಿಂದ ದಾರಿ ಬೇಸರ ತರಿಸುವುದಿಲ್ಲ. ಹೋಗುವವರು ಮೊದಲು ಯೋಚಿಸಬೇಕಾದದ್ದು ಏರನ್ನಲ್ಲ, ಪಂಕ್ಚರನ್ನು. ಅದರಲ್ಲೂ ಅದು ಯಾವ ಹೊತ್ತಿನಲ್ಲಿ ಆಗುತ್ತದೆ ಎಂಬುದನ್ನು.

ಹಗಲು ಹತ್ತು ಗಂಟೆಯಿಂದ ಐದರವರೆಗೆ ಈ ದಾರಿಯಲ್ಲಿ ಪಂಕ್ಚರ್ ಆದರೆ ಅರ್ಧ ಗಂಟೆ ಹಾಳಾದೀತು, ಅಷ್ಟೆ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಅಂಗಡಿಗಳಿವೆ, ನಡುವಿನ ಊರುಗಳಲ್ಲಿಯೂ ಬೈಕ್ ಪಂಕ್ಚರ್ ಹಾಕುವವರು ಸಿಗುತ್ತಾರೆ. ಆದರೆ ಸೈಕಲ್ ಸವಾರರು ಹೊರಡುವುದು ನಸುಕಿನಲ್ಲಿ, ಹಿಂದಿರುಗುವುದು ಸಂಜೆಗೆ. ನಸುಕಿನಲ್ಲಿ ಅಂಗಡಿ ತೆರೆದಿರುವುದಿಲ್ಲ, ಸಂಜೆ ಬಾಗಿಲು ಹಾಕಿರುತ್ತದೆ. ಭಾನುವಾರವಾದರೆ ಮಧ್ಯಾಹ್ನಕ್ಕೇ ಹಾಕಿರಲೂಬಹುದು. ನನಗೂ ನನ್ನ ತಂಗಿಗೂ ಆದದ್ದು ಡಿಸೆಂಬರಿನ ಒಂದು ಭಾನುವಾರ, ಅಂಥದೇ ಹೊತ್ತಿನಲ್ಲಿ.

ದಾರಿಯ ವಿಚಾರ ಮೊದಲು ಹೇಳಿಬಿಡುತ್ತೇನೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ, ಸೈಕಲ್‌ಗೂ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸಿದ್ದಲಿಂಗಪುರ, ಕಳಸ್ತವಾಡಿ ದಾಟುವವರೆಗೆ ರಸ್ತೆಯ ಎಡ ಅಂಚನ್ನು ನೋಡುತ್ತಿರಿ. ಲಾರಿಗಳ ಟೈರ್ ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಕೂದಲಿನಷ್ಟು ಸಣ್ಣಗೆ ಅಲ್ಲಿ ಬಿದ್ದಿರುತ್ತವೆ. ಸೈಕಲ್ ಟೈರಿಗೆ ಚುಚ್ಚಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಗಾಳಿ ಮಾತ್ರ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಶ್ರೀರಂಗಪಟ್ಟಣದಲ್ಲಿ ಊರೊಳಗೆ ಹೋಗಿ, ಕಿರಂಗೂರಿನ ಬಳಿ ಪಾಂಡವಪುರದ ಕಡೆಗೆ ತಿರುಗಬೇಕು. ಅಲ್ಲಿಂದ ಮುಂದೆ ಹೆದ್ದಾರಿಯ ಗದ್ದಲವಿಲ್ಲ, ಕಬ್ಬು ಮತ್ತು ಭತ್ತದ ನಾಡು ಶುರುವಾಗುತ್ತದೆ. ಪಾಂಡವಪುರದ ರೈಲು ನಿಲ್ದಾಣ ಊರಿನಿಂದ ಸಾಕಷ್ಟು ದೂರದಲ್ಲಿದೆ. ನಿಲ್ದಾಣ ಕಂಡ ಮಾತ್ರಕ್ಕೆ ಊರು ಬಂತೆಂದುಕೊಂಡು ತಿಂಡಿಗೆ ಕಾಯಬೇಡಿ, ಶ್ರೀರಂಗಪಟ್ಟಣದಲ್ಲೇ ತಿಂದು ಹೊರಡಿ.

ಪಾಂಡವಪುರದಿಂದ ನಾವು ತೊಣ್ಣೂರು ಕೆರೆ ನೋಡಿಕೊಂಡು ಹೋಗಲು ಒಳದಾರಿ ಹಿಡಿದೆವು. ಕೆರೆ ಬಹಳ ಚಂದ, ಸುತ್ತು ಹಾಕಿದ್ದಕ್ಕೆ ಸಾರ್ಥಕ. ಆದರೆ ಕಾಲುವೆ ಏರಿಯ ದಾರಿ ಸೈಕಲ್ ಟೈರಿಗೆ ಶತ್ರು. ರೈತರು ಬೇಲಿ ಕಟ್ಟಲು ಜಾಲಿ ಕೊಂಬೆಗಳನ್ನು ಕಡಿದು ಎಳೆದೊಯ್ಯುತ್ತಾರೆ, ದಾರಿಯುದ್ದಕ್ಕೂ ಮುಳ್ಳು ಉದುರಿರುತ್ತದೆ. ತಂಗಿಯ ಮುಂದಿನ ಚಕ್ರ ಅಲ್ಲೇ ಕುಳಿತಿತು. ಬೆಳಗಿನ ಹೊತ್ತು, ಮರದ ನೆರಳು, ಚೀಲದಲ್ಲಿ ಹೊಸ ಟ್ಯೂಬ್. ಬದಲಾಯಿಸಿ, ತೂತಾದ ಟ್ಯೂಬನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟೆವು. ಮುಂದಿನ ಕಥೆಗೆ ಬೇಕಾದ ಸಂಗತಿ ಇಷ್ಟೇ: ಆ ಹೊತ್ತಿಗೆ ನಮ್ಮ ಬಳಿ ಇದ್ದ ಒಂದೇ ಹೊಸ ಟ್ಯೂಬ್ ಮುಗಿದಿತ್ತು.

ಮೇಲುಕೋಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೆಲುವನಾರಾಯಣನ ಗುಡಿ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಅದಕ್ಕೆ ಮುಂಚೆ ತಲುಪಿ. ಬೆಟ್ಟದ ಮೆಟ್ಟಿಲು ಹತ್ತುವಾಗ ಸೈಕಲ್‌ಗಳನ್ನು ಕೆಳಗೆ ಅಂಗಡಿಯವರಿಗೆ ಹೇಳಿ ಬೀಗ ಹಾಕಿ ನಿಲ್ಲಿಸಿ. ಪುಳಿಯೋಗರೆ ತಿನ್ನದೆ ಬರಬೇಡಿ. ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಸೈಕಲ್ ಬೇಡ, ಆ ಜನಸಂದಣಿಯಲ್ಲಿ ಅದನ್ನು ತಳ್ಳಿಕೊಂಡು ಹೋಗಲೂ ಜಾಗವಿರುವುದಿಲ್ಲ.

ಸಂಜೆ ಇಳಿದು ಬರುವಾಗ, ಜಕ್ಕನಹಳ್ಳಿ ದಾಟಿ ಕೆಲವು ಕಿಲೋಮೀಟರ್ ಕಳೆದ ಮೇಲೆ ನನ್ನ ಹಿಂದಿನ ಚಕ್ರ ತೂಗಾಡತೊಡಗಿತು. ಹಿಂದಿನ ಚಕ್ರದ ಗಾಳಿ ಹೋಗುವುದು ಹೀಗೇ ತಿಳಿಯುವುದು. ಶಬ್ದವಿರುವುದಿಲ್ಲ, ತಿರುವಿನಲ್ಲಿ ಸೈಕಲ್‌ನ ಹಿಂಭಾಗ ನಮ್ಮ ಮಾತು ಕೇಳುವುದಿಲ್ಲ. ಇಳಿದು ಒತ್ತಿ ನೋಡಿದರೆ ಟೈರ್ ರಿಮ್ಮಿಗೆ ತಾಗುತ್ತಿತ್ತು. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ, ಆರೂವರೆಗೆ ಪೂರ್ತಿ ಕತ್ತಲೆ. ಎರಡೂ ಕಡೆ ಆಳೆತ್ತರದ ಕಬ್ಬು. ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಸಾಗುತ್ತಿದ್ದವು. ಮೊಬೈಲ್‌ನಲ್ಲಿ ಹುಡುಕಿದರೆ ಹತ್ತಿರದ ಪಂಕ್ಚರ್ ಅಂಗಡಿ ಪಾಂಡವಪುರದಲ್ಲಿ.

ರಸ್ತೆಯ ಅಂಚಿನಲ್ಲೇ ಸೈಕಲ್ ತಲೆಕೆಳಗು ಮಾಡಿ ಚಕ್ರ ಬಿಚ್ಚಲು ಶುರು ಮಾಡಿದೆವು. ಪಂಪ್‌ಸೆಟ್ ಕಡೆಯಿಂದ ಬರುತ್ತಿದ್ದ ಒಬ್ಬ ರೈತರು ಟಾರ್ಚ್ ಬಿಟ್ಟು ನೋಡಿ ಹತ್ತಿರ ಬಂದರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಹಾಯಿಸಲು ಬರುವವರು ಅವರು, ಆ ಹೊತ್ತಿನ ಕಬ್ಬಿನ ಗದ್ದೆಯನ್ನು ಚೆನ್ನಾಗಿ ಬಲ್ಲವರು. “ಇಲ್ಲಿ ಕೂರಬೇಡಿ ತಾಯಿ, ಕಬ್ಬಿನ ಪಕ್ಕ ಚಿರತೆ ಓಡಾಡುತ್ತದೆ. ಮುಂದೆ ಊರಿನ ಡೇರಿ ಇದೆ, ಹಾಲು ಹಾಕಲು ಜನ ಬಂದಿರುತ್ತಾರೆ, ಅಲ್ಲಿಗೆ ಹೋಗಿ” ಎಂದರು. ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದು ಊರಿನವರಿಗೆ ದಿನನಿತ್ಯದ ಸಂಗತಿ. ಬಗ್ಗಿ ಕುಳಿತ ಮನುಷ್ಯ ಅದಕ್ಕೆ ಕುರಿಯೋ ನಾಯಿಯೋ ಆಗಿ ಕಾಣಬಹುದು ಎಂದು ಅವರು ಹೇಳಿದ ಮೇಲೆ ನಾವು ಅಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ.

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಅವರ ಈ ಸಲಹೆಯಾಗಲಿ. ಪಂಕ್ಚರ್ ಅಂಗಡಿ ಮುಚ್ಚಿರುವ ಹೊತ್ತಿನಲ್ಲೇ ಹಳ್ಳಿಯ ಹಾಲಿನ ಡೇರಿ ತೆರೆದಿರುತ್ತದೆ. ಹಾಲು ಉತ್ಪಾದಕರ ಸಹಕಾರ ಸಂಘದ ಆ ಪುಟ್ಟ ಕಟ್ಟಡ ಈ ಸೀಮೆಯ ಹೆಚ್ಚಿನ ಊರುಗಳಲ್ಲಿದೆ. ಬೆಳಗ್ಗೆ ಬೇಗ ಒಮ್ಮೆ, ಸಂಜೆ ಒಮ್ಮೆ ಹಾಲು ಅಳೆಯುತ್ತಾರೆ. ದೀಪವಿರುತ್ತದೆ, ಸಿಮೆಂಟಿನ ಜಗಲಿ ಇರುತ್ತದೆ, ಕ್ಯಾನು ತೊಳೆಯುವ ನೀರಿರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸರು ಮಕ್ಕಳು ಇರುತ್ತಾರೆ. ಇಬ್ಬರು ಹೆಣ್ಣುಮಕ್ಕಳಿಗೆ ಕತ್ತಲಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ದಾರಿಯಲ್ಲಿ ಹೋಗುವಾಗಲೇ ಡೇರಿಗಳು ಎಲ್ಲೆಲ್ಲಿವೆ ಎಂದು ಗಮನಿಸಿಕೊಂಡು ಹೋಗಿ. ಗಾಳಿಯಿಲ್ಲದ ಚಕ್ರದ ಮೇಲೆ ಕುಳಿತು ತುಳಿಯಬೇಡಿ, ಟ್ಯೂಬಿನ ಜೊತೆಗೆ ಟೈರಿನ ಬದಿಯೂ ಹರಿಯುತ್ತದೆ. ತಳ್ಳಿಕೊಂಡು ನಡೆಯಿರಿ, ಹಿಂದೆ ಕೆಂಪು ದೀಪ ಉರಿಯುತ್ತಿರಲಿ.

ಡೇರಿಯ ಜಗಲಿಯ ಮೇಲೆ ಕೆಲಸ ಶುರುವಾಯಿತು. ಹಿಂದಿನ ಚಕ್ರ ಬಿಚ್ಚುವ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿಕೊಳ್ಳಿ, ಆಗ ಚಕ್ರ ಸಲೀಸಾಗಿ ಕೆಳಗೆ ಜಾರುತ್ತದೆ. ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಟೈರಿನ ಅಂಚು ಎತ್ತಿ. ಅದಕ್ಕೆ ಮುಂಚೆ ಸುತ್ತಲೂ ಟೈರನ್ನು ಹಿಚುಕಿ ಅದರ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿದರೆ ಬಲ ಹಾಕಬೇಕಾಗಿಲ್ಲ. ನಾನು ಟೈರ್ ಹಾಕುವಾಗ ಯಾವಾಗಲೂ ಅದರ ಮೇಲಿನ ಕಂಪನಿಯ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುತ್ತೇನೆ. ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರವಿದೆ ಎಂದು ನೋಡಿದರೆ ಟೈರಿನಲ್ಲಿ ಮುಳ್ಳು ಎಲ್ಲಿರಬೇಕೆಂದು ಕೂಡಲೇ ತಿಳಿಯುತ್ತದೆ. ಮಂದ ಬೆಳಕಿನಲ್ಲಿ ಈ ಅಭ್ಯಾಸ ನಮ್ಮ ಸಮಯ ಬಹಳ ಉಳಿಸಿತು.

ಟ್ಯೂಬಿಗೆ ಸ್ವಲ್ಪ ಗಾಳಿ ಹಾಕಿ, ಡೇರಿಯವರು ಕೊಟ್ಟ ಬಕೆಟ್‌ನಲ್ಲಿ ಮುಳುಗಿಸಿದಾಗ ಒಂದೇ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಒಂದೇ ತೂತು ಎಂದರೆ ಮುಳ್ಳು. ಅಕ್ಕಪಕ್ಕ ಎರಡು ಸೀಳುಗಳಿದ್ದರೆ ಗಾಳಿ ಕಡಿಮೆಯಿದ್ದ ಟೈರ್ ಗುಂಡಿಗೆ ಬಡಿದು ಟ್ಯೂಬ್ ರಿಮ್ಮಿಗೆ ಸಿಕ್ಕಿಕೊಂಡಿದೆ ಎಂದರ್ಥ, ಆಗ ಮುಳ್ಳು ಹುಡುಕುವ ಅಗತ್ಯವಿಲ್ಲ. ಟೈರಿನ ಒಳಗೆ ಬೆರಳಾಡಿಸಬೇಡಿ, ಬೆರಳಿಗೆ ಚುಚ್ಚುತ್ತದೆ. ಬಟ್ಟೆಯ ತುಂಡನ್ನು ಒಳಗೆ ಸುತ್ತಲೂ ಎಳೆದರೆ ಮುಳ್ಳಿನ ತುದಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿತು. ಜಾಲಿ ಮುಳ್ಳು ಹೊರಗೆ ಮುರಿದು ತುದಿ ಮಾತ್ರ ರಬ್ಬರಿನೊಳಗೆ ಉಳಿದಿತ್ತು, ಎಳ್ಳಿಗಿಂತ ಚಿಕ್ಕದು, ಉಗುರಿಗೆ ಸಿಗುವಂತಿರಲಿಲ್ಲ. ತಂಗಿ ದುಪಟ್ಟಾದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟಳು. ಅದರಲ್ಲೇ ಮೀಟಿ ತೆಗೆದೆವು. ಈ ತುದಿಯನ್ನು ಬಿಟ್ಟು ಪ್ಯಾಚ್ ಹಾಕಿ ಹೊರಟವರು ಎರಡು ಕಿಲೋಮೀಟರ್ ಮುಂದೆ ಮತ್ತೆ ಚಕ್ರ ಬಿಚ್ಚಬೇಕಾಗುತ್ತದೆ. ಎಷ್ಟೇ ಆತುರವಿದ್ದರೂ ಮುಳ್ಳು ಕೈಗೆ ಬರುವವರೆಗೆ ಹುಡುಕಿ.

ಟ್ಯೂಬ್ ಒರೆಸಿ ಪೂರ್ತಿ ಒಣಗಿಸಿ, ಉಪ್ಪು ಕಾಗದದಿಂದ ಉಜ್ಜಿ, ಸಲ್ಯೂಷನ್ (ಪ್ಯಾಚ್ ಹಾಕುವ ಅಂಟು) ತೆಳುವಾಗಿ ಸವರಿದೆವು. ಇಲ್ಲಿ ಬೇಕಾದದ್ದು ತಾಳ್ಮೆ. ಸಲ್ಯೂಷನ್ ಹಸಿ ಇರುವಾಗಲೇ ಪ್ಯಾಚ್ ಅಂಟಿಸಿದರೆ ಅದು ಜಾರುತ್ತದೆ. ಹೊಳಪು ಹೋಗಿ ಮಂಕಾಗುವವರೆಗೆ ನಾಲ್ಕೈದು ನಿಮಿಷ ಕಾದು, ಪ್ಯಾಚ್ ಇಟ್ಟು, ಲಿವರ್‌ನ ಬೆನ್ನಿನಿಂದ ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ತೀಡಬೇಕು. ಮುಚ್ಚಳ ಒಮ್ಮೆ ತೆರೆದ ಸಲ್ಯೂಷನ್ ಕೆಲವು ತಿಂಗಳಲ್ಲಿ ಒಳಗೇ ಒಣಗುತ್ತದೆ, ಹೊರಡುವ ಹಿಂದಿನ ದಿನ ಹಿಚುಕಿ ನೋಡಿ.

ಮತ್ತೆ ಟೈರ್ ಕೂರಿಸುವಾಗ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ, ಕೊನೆಯ ಭಾಗ ವಾಲ್ವಿನ ಹತ್ತಿರ ಬರುವಂತೆ ಕೈಯಲ್ಲೇ ಒತ್ತಿ ಕೂರಿಸಿ. ಲಿವರ್ ಬಳಸಿದರೆ ಹೊಸ ತೂತಾಗುವ ಭಯವಿದೆ.

ಆಮೇಲೆ ಗಾಳಿಯ ಸಮಸ್ಯೆ. ನಮ್ಮ ಕೈಪಂಪಿನಿಂದ ಅರ್ಧ ತುಂಬುವಷ್ಟರಲ್ಲಿ ತೋಳು ಸೋತಿತು. ಪಕ್ಕದ ಮನೆಯ ಹುಡುಗ ದೊಡ್ಡ ಪಂಪ್ ತಂದ, ಆದರೆ ಅದು ನನ್ನ ಸೈಕಲ್‌ನ ಸಪೂರ ವಾಲ್ವಿಗೆ ಹಿಡಿಯಲಿಲ್ಲ. ಹಳ್ಳಿಯ ಪಂಪ್, ಅಂಗಡಿಯ ಕಂಪ್ರೆಸರ್ ಎಲ್ಲವೂ ಸಾಮಾನ್ಯ ಸೈಕಲ್ ಮತ್ತು ಬೈಕ್‌ಗಳ ದಪ್ಪ ವಾಲ್ವಿಗಾಗಿ ಇರುವಂಥವು. ಸಪೂರ ವಾಲ್ವಿಗೆ ತಿರುಗಿಸಿ ಹಾಕುವ ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ಬೆಲೆ ಬಹಳ ಕಡಿಮೆ. ನಮ್ಮದು ಚೀಲದ ತಳದಲ್ಲಿತ್ತು, ಹಾಕಿದೊಡನೆ ಟೈರ್ ಕಲ್ಲಿನಂತಾಯಿತು. ಅದನ್ನು ಎರಡು ಕೊಳ್ಳಿ, ಒಂದನ್ನು ವಾಲ್ವಿನ ಮೇಲೇ ತಿರುಗಿಸಿ ಬಿಟ್ಟುಬಿಡಿ.

ಚೀಲದಲ್ಲಿರಬೇಕಾದದ್ದು: ತಲಾ ಎರಡು ಟ್ಯೂಬ್ (ನಿಮ್ಮ ಚಕ್ರದ ಅಳತೆಯದೇ, 700 ಅಳತೆಯ ಟ್ಯೂಬ್ ಹಳ್ಳಿ ಅಂಗಡಿಗಳಲ್ಲಿ ಸಿಗುತ್ತದೆಂದು ನಂಬಬೇಡಿ), ಪ್ಯಾಚ್ ಡಬ್ಬಿ, ಮೂರು ಲಿವರ್, ಪಂಪ್, ಅಡಾಪ್ಟರ್, ಚಿಮಟ, ಹಣೆಗೆ ಕಟ್ಟುವ ದೀಪ. ಮೊಬೈಲಿನ ಬೆಳಕು ಸಾಲದು, ಅದನ್ನು ಹಿಡಿಯಲು ಒಬ್ಬರು ಬೇಕು, ಇತ್ತ ಬ್ಯಾಟರಿಯೂ ಮುಗಿಯುತ್ತದೆ. ಮುಳ್ಳಿನ ದಾರಿ ಎಂದು ಗೊತ್ತಿದ್ದ ಮೇಲೆ ಟೈರ್ ಮತ್ತು ಟ್ಯೂಬಿನ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿಯೂ ಒಳ್ಳೆಯದೇ, ಸ್ವಲ್ಪ ಭಾರವಾಗುತ್ತದೆ, ಜಾಲಿ ಮುಳ್ಳನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ.

ಚಕ್ರ ಸರಿಯಾದ ಮೇಲೂ ನಾವು ಮೈಸೂರಿನವರೆಗೆ ತುಳಿಯಲಿಲ್ಲ. ಪಾಂಡವಪುರದವರೆಗೆ ಹೋಗಿ, ಸಾಮಾನು ಸಾಗಿಸುವ ಆಟೊ ಒಂದನ್ನು ಮಾತಾಡಿ, ಮುಂದಿನ ಚಕ್ರಗಳನ್ನು ಬಿಚ್ಚಿ ಸೈಕಲ್‌ಗಳನ್ನು ಒಂದರ ಮೇಲೊಂದು ಮಲಗಿಸಿ ಊರು ಸೇರಿದೆವು. ಕತ್ತಲಾದ ಮೇಲೆ ಕಾಲುವೆ ಬದಿಯ ರಸ್ತೆಯಲ್ಲಿ ಸೈಕಲ್ ತುಳಿಯುವುದನ್ನು ನಾನು ಯಾರಿಗೂ ಹೇಳಲಾರೆ. ಇದೇ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ 2018ರ ನವೆಂಬರ್‌ನಲ್ಲಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅದು ಆದದ್ದು ಹಗಲು ಹೊತ್ತಿನಲ್ಲಿ.

ಹೊರಡುವವರು ಲೆಕ್ಕವನ್ನು ಹಿಂದಿನಿಂದ ಹಾಕಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಐದೂವರೆಗೆ ಪಾಂಡವಪುರ ದಾಟಿರಬೇಕು. ಒಂದು ಪಂಕ್ಚರಿಗೆಂದು ಒಂದು ಗಂಟೆ ತೆಗೆದಿಡಿ. ಹಾಗಾದರೆ ಮೇಲುಕೋಟೆಯಿಂದ ಎರಡೂವರೆ ಮೂರು ಗಂಟೆಯೊಳಗೆ ಇಳಿಯಬೇಕು, ಬೆಳಗ್ಗೆ ಮೈಸೂರನ್ನು ಆರಕ್ಕೆ ಬಿಡಬೇಕು. ತೊಣ್ಣೂರು ಕೆರೆಯನ್ನೂ ನೋಡುವ ಆಸೆಯಿದ್ದರೆ ರಾತ್ರಿ ಮೇಲುಕೋಟೆಯಲ್ಲೇ ತಂಗಿ, ಕೆರೆಯನ್ನು ಮರುದಿನ ಬಿಸಿಲೇರುವ ಮುಂಚೆ ನೋಡಿಕೊಂಡು ಬನ್ನಿ.