ಎಡಗೈಯಲ್ಲಿ ಕಟ್ಟಿದ ಗೋಪುರ

ನಾನು ಹೊಲಿಗೆ ಕಲಿಯಲು, ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಗೆ ಬಂದದ್ದು 2016ರ ಮಳೆಗಾಲ ಮುಗಿಯುವ ಹೊತ್ತಿಗೆ. ಅದಕ್ಕೆ ಆರು ತಿಂಗಳ ಮೊದಲು ನಮ್ಮವರು ಅಡಿಕೆ ಕೊಯ್ಯಲು ಮರ ಹತ್ತಿ, ಜಾರಿ ಬಿದ್ದು ತೀರಿಕೊಂಡಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳು, ಅತ್ತೆ. ಅತ್ತೆ, ನಾನು ಇಬ್ಬರೂ ಬೀಡಿ ಕಟ್ಟುತ್ತಿದ್ದೆವು. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಸರಿಯಿಲ್ಲ ಅಂತ ಒಂದಿಷ್ಟನ್ನು ಪಕ್ಕಕ್ಕೆ ಹಾಕಿಬಿಡುತ್ತಿದ್ದರು.

ಊಟ, ವಸತಿ, ಕಲಿಕೆ ಎಲ್ಲ ಉಚಿತ ಅಂತ ಸಂಘದ ಅಕ್ಕ ಹೇಳಿದಾಗ ನಾನು ನಂಬಿರಲಿಲ್ಲ. ಬಂದ ಮೇಲೆ ತಿಳಿಯಿತು: ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಎಸ್‌ಡಿಎಂ ಟ್ರಸ್ಟ್, ಕೆನರಾ ಬ್ಯಾಂಕ್, ಆಗಿನ ಸಿಂಡಿಕೇಟ್ ಬ್ಯಾಂಕ್ ಸೇರಿ 1982ರಲ್ಲೇ ಶುರು ಮಾಡಿದ ಸಂಸ್ಥೆ ಇದು. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಈಗಿರುವ ಆರ್‌ಸೆಟಿ ಎಂಬ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಿಗೆ ಇದೇ ಮಾದರಿ.

ಮೊದಮೊದಲು ಹೊಲಿಗೆ ಮೆಷಿನ್‌ಗಿಂತ, ನಮ್ಮಲ್ಲಿ ಧೈರ್ಯ ತುಂಬುವ ಆಟವೇ ಜಾಸ್ತಿ. ಒಂದು ದಿನ ನನ್ನ ಕಣ್ಣಿಗೆ ಬಟ್ಟೆ ಕಟ್ಟಿದರು. ಮರದ ತುಂಡುಗಳನ್ನು ಎಡಗೈಯಲ್ಲಿ ಒಂದರ ಮೇಲೊಂದು ಇಡಬೇಕು. ಎಷ್ಟು ಇಡುತ್ತೀರಿ ಅಂತ ಮೊದಲೇ ಕೇಳಿದರು. "ನಾಲ್ಕು" ಅಂದೆ. ಬ್ಯಾಚಿನ ಇಬ್ಬರು ಪಕ್ಕದಲ್ಲಿ ನಿಂತು, "ಸ್ವಲ್ಪ ಬಲಕ್ಕೆ ಅಕ್ಕ... ಹಾಂ, ಮೆಲ್ಲ ಬಿಡಿ" ಅನ್ನುತ್ತಿದ್ದರು. ಹನ್ನೆರಡನೆಯದು ಇಡುವಾಗ ಗೋಪುರ ಬಿತ್ತು. ಹನ್ನೊಂದು ನಿಂತಿತ್ತು! ಕಣ್ಣಿನ ಬಟ್ಟೆ ಬಿಚ್ಚಿದ್ದೇ ಅಳು ಬಂತು. ನಮ್ಮವರು ಹೋದ ಮೇಲೆ ಹೊರಗಿನವರೆದುರು ಅತ್ತದ್ದು ಅದೇ ಮೊದಲು. ಮೇಡಂ ಏನೂ ಕೇಳಲಿಲ್ಲ. ಕುಡಿಯಲು ನೀರು ಕೊಟ್ಟು ಪಕ್ಕದಲ್ಲಿ ಕೂತರು.

ಕಟಿಂಗ್ ಕಲಿತದ್ದು ಹಳೆಯ ಪೇಪರಿನಲ್ಲಿ. ಬ್ಲೌಸಿಗೆ ತೋಳು ಕೂರಿಸುವುದು ನನಗೆ ಬಹಳ ದಿನ ಕಾಡಿತು. ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ಸ್ವಲ್ಪ ಒಳಗೆ ಕತ್ತರಿಸಬೇಕು ಅಲ್ವಾ? ನಾನು ಎರಡನ್ನೂ ಒಂದೇ ತರ ಕತ್ತರಿಸುತ್ತಿದ್ದೆ. ಕಂಕುಳ ಹತ್ತಿರ ಬಟ್ಟೆ ಮುದ್ದೆಯಾಗುತ್ತಿತ್ತು. ಮೇಡಂ ಬಿಚ್ಚಿಸುತ್ತಿದ್ದರು, ನಾನು ಮತ್ತೆ ಹೊಲಿಯುತ್ತಿದ್ದೆ. ಒಂದೇ ಬ್ಲೌಸನ್ನು ಏಳು ಸಲ!

ಮೂವತ್ತು ದಿನ ಮುಗಿದು ಮನೆಗೆ ಹೋದೆ. ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ತವರಿನಿಂದ ತಂದ ಹಳೆಯ ತುಳಿಯುವ ಮೆಷಿನ್ ಒಂದಿತ್ತು, ಗಿರಾಕಿ ಇರಲಿಲ್ಲ. ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದರೆ "ಗಂಡನನ್ನು ಕರೆದುಕೊಂಡು ಬನ್ನಿ" ಅಂದರು. ಮತ್ತೆ ಬೀಡಿಯ ಮೊರ ಹಿಡಿದು ಕೂತೆ.

ಮೂರನೇ ತಿಂಗಳು ಸಂಸ್ಥೆಯ ಸರ್ ಮನೆಗೇ ಬಂದರು. ಮೆಷಿನ್ ಮೇಲೆ ಹಳೆ ಸೀರೆ ಹೊದೆಸಿದ್ದೆ. "ಎಷ್ಟು ಬ್ಲೌಸ್ ಆಯ್ತು?" "ಎರಡು ಸರ್. ಒಂದು ಅತ್ತೆಯದು." ಅವರು ಬೈಯಲಿಲ್ಲ. ಬ್ಯಾಂಕಿನಲ್ಲಿ ನಡೆದದ್ದನ್ನು ಪೂರ್ತಿ ಕೇಳಿಕೊಂಡರು. ಮುಂದಿನ ವಾರ ಬೇರೊಂದು ಶಾಖೆಗೆ ಜೊತೆಗೇ ಬಂದರು. ಸಣ್ಣ ಉದ್ಯೋಗಕ್ಕೆ ಕೊಡುವ ಮುದ್ರಾ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ ಅಂತ ನನಗೆ ಗೊತ್ತಾದದ್ದೇ ಅಲ್ಲಿ. "ಸಾಲ ಗೀಲ ಬೇಡ ಮಾರಾಯ್ತಿ" ಅಂತ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೂ ತೆಗೆದೆ. ಮೋಟಾರ್ ಮೆಷಿನ್ ಬಂತು, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ ಬಂತು. ತರಬೇತಿ ಮುಗಿದ ಮೇಲೂ ಎರಡು ವರ್ಷ ವಿಚಾರಿಸುವುದು ಇಲ್ಲಿಯ ಪದ್ಧತಿ. ವೇದಿಕೆಯಲ್ಲಿ ಮೆಷಿನ್ ಕೊಟ್ಟು ಫೋಟೊ ತೆಗೆದು ಹೋಗುವ ಕಾರ್ಯಕ್ರಮಗಳನ್ನು ನಮ್ಮೂರಲ್ಲೂ ನೋಡಿದ್ದೇನೆ. ಆ ಮೆಷಿನ್‌ಗಳಲ್ಲಿ ಹೆಚ್ಚಿನವು ಸೀರೆ ಹೊದ್ದು ಸುಮ್ನೆ ಕೂತಿವೆ. ಅವರ ಮನೆಗೂ ಯಾರಾದರೂ ಹೀಗೆ ಬಂದು ಕೇಳಬೇಕಿತ್ತು.

ಈಗ ಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಅತ್ತೆ ಬೀಡಿ ಬಿಟ್ಟಿದ್ದಾರೆ. ಹೆಮ್ಮಿಂಗ್, ಹುಕ್ಕು ಎಲ್ಲ ಅವರದೇ. ವರ್ಷಗಟ್ಟಲೆ ಬೀಡಿಗೆ ನೂಲು ಸುತ್ತಿದ ಬೆರಳುಗಳು, ಹಾಕಿದ ಹುಕ್ಕು ಕಿತ್ತು ಬರುವುದಿಲ್ಲ. "ಹುಕ್ಕು ಅಜ್ಜಿಯ ಕೈಯಲ್ಲೇ ಹಾಕಿಸಿ ಆಯ್ತಾ" ಅಂತ ಗಿರಾಕಿಗಳು ಹೇಳಿ ಹೋಗುತ್ತಾರೆ.