ಕ್ಯಾಲ್ಸಿಯಂ ಹಾಕದೆಯೂ ಎಳೆ ಕುಗ್ಗುವುದೇಕೆ?

ಫಿಸಿಯಾಲಜಿ ಪ್ರಾಯೋಗಿಕ ತರಗತಿ ನಡೆಸುವವರಿಗೆ ಇದು ಹಳೆಯ ಪ್ರಯೋಗ: ಮೊಲದ ಸೊಯಾಸ್ (ಸೊಂಟದ ಒಳಭಾಗದ) ಸ್ನಾಯುವನ್ನು 50% ಗ್ಲಿಸರಾಲ್‌ನಲ್ಲಿ, ಮೈನಸ್ 20 ಡಿಗ್ರಿಯಲ್ಲಿ ಇಟ್ಟು, ಆಮೇಲೆ ಎಳೆ ಬಿಡಿಸಿ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಹನಿಸುವುದು. ಜೀವರಸಾಯನ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ 1949ರಲ್ಲೇ ಇದನ್ನು ವಿವರಿಸಿದ್ದರು. ಎಳೆ ಕಣ್ಣೆದುರೇ ಕುಗ್ಗುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ "ಎಟಿಪಿ ಕೊಟ್ಟರೆ ಸ್ನಾಯು ಕುಗ್ಗುತ್ತದೆ" ಎಂದು ವಿದ್ಯಾರ್ಥಿಗಳು ಬರೆದುಕೊಂಡು ಹೋಗುತ್ತಾರೆ. ಅದು ಅರ್ಧ ಮಾತ್ರ ನಿಜ.

ಗ್ಲಿಸರಾಲ್‌ನಿಂದ ತೆಗೆದ ಎಳೆ ಸೆಟೆದುಕೊಂಡಿರುತ್ತದೆ. ಒಳಗೆ ಎಟಿಪಿ ಇಲ್ಲ, ಹಾಗಾಗಿ ಮಯೋಸಿನ್ (ದಪ್ಪ ತಂತುವಿನ ಪ್ರೋಟೀನ್) ತಲೆಗಳು ಆಕ್ಟಿನ್ (ತೆಳು ತಂತುವಿನ ಪ್ರೋಟೀನ್) ಅನ್ನು ಬಿಗಿಯಾಗಿ ಹಿಡಿದೇ ಇರುತ್ತವೆ. ಎಟಿಪಿ ಬಂದು ಕೂತಾಗ ಮೊದಲು ಆಗುವುದು ಎಳೆತವಲ್ಲ, ಬಿಡುಗಡೆ. ಎಟಿಪಿ ಎಡಿಪಿ ಮತ್ತು ಫಾಸ್ಫೇಟ್ ಆಗಿ ಒಡೆದಾಗ ತಲೆ ಮತ್ತೆ ಸಜ್ಜಾಗುತ್ತದೆ. ಆಕ್ಟಿನ್‌ಗೆ ಕಚ್ಚಿ ಫಾಸ್ಫೇಟ್ ಹೊರಬೀಳುವ ಹಂತದಲ್ಲಿ ಸುಮಾರು 5ರಿಂದ 10 ನ್ಯಾನೊಮೀಟರ್ ಎಳೆತ ಸಿಗುತ್ತದೆ. ಎಡಿಪಿ ಹೋದರೆ ಮತ್ತೆ ಬಿಗಿಹಿಡಿತ.

ದ್ರಾವಣದಲ್ಲೇ ಹೆಚ್ಚು ತಪ್ಪಾಗುವುದು. ಸಾಮಾನ್ಯ ಪಾಕ 0.25% ಎಟಿಪಿ, 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 1 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಎಟಿಪಿಯ ಡೈಸೋಡಿಯಂ ಲವಣವಾದರೆ 0.25% ಎಂದರೆ ಸುಮಾರು 4.5 ಮಿಲಿಮೋಲಾರ್. ಮಯೋಸಿನ್‌ಗೆ ಬೇಕಾದದ್ದು ಮೆಗ್ನೀಸಿಯಂ ಅಂಟಿದ ಎಟಿಪಿ. ಹಾಗಾಗಿ ಮೆಗ್ನೀಸಿಯಂ ಅನ್ನು 5–6 ಮಿಲಿಮೋಲಾರ್‌ಗೆ ಏರಿಸುವುದೇ ವಾಸಿ. ಎಟಿಪಿಯ ಈ ಲವಣ ನೀರಿಗೆ ಬಿದ್ದರೆ ದ್ರಾವಣ ಆಮ್ಲೀಯವಾಗುತ್ತದೆ. ಪಿಎಚ್ ಸ್ಥಿರವಾಗಿಡುವ ಬಫರ್ ಆಗಿ 20 ಮಿಲಿಮೋಲಾರ್ ಇಮಿಡಜೋಲ್ ಸೇರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸುತ್ತಾ ಪಿಎಚ್ 7ಕ್ಕೆ ತನ್ನಿ. ದಶಮಾಂಶ ಬಿಂದು ಜಾರಿ ಪೊಟ್ಯಾಸಿಯಂ ಕ್ಲೋರೈಡ್ 0.05 ಬದಲು 0.5 ಮೋಲಾರ್ ಆದರೆ ಮಯೋಸಿನ್ ತಂತುಗಳೇ ಕರಗತೊಡಗುತ್ತವೆ, ಆಮೇಲೆ ಏನು ಹನಿಸಿದರೂ ಪ್ರಯೋಜನವಿಲ್ಲ.

ಈಗ ಕ್ಯಾಲ್ಸಿಯಂ. ಪಾಕದಲ್ಲಿ ಅದು ಇಲ್ಲವೇ ಇಲ್ಲ, ಆದರೂ ಎಳೆ ಕುಗ್ಗುತ್ತದೆ. ತೆಳು ತಂತುವಿನಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್ ಟ್ರೋಪೋನಿನ್‌ಗೆ ಮೈಕ್ರೋಮೋಲಾರ್ ಮಟ್ಟದ ಕ್ಯಾಲ್ಸಿಯಂ ಸಾಕು. ಅಷ್ಟು ನೀರಿನಿಂದ, ಗಾಜಿನಿಂದ, ಲವಣಗಳಿಂದಲೇ ಬಂದುಬಿಡುತ್ತದೆ. ಅದು ಅಂಟಿದೊಡನೆ ಮಯೋಸಿನ್ ಕಚ್ಚುವ ಜಾಗ ಮುಚ್ಚಿಕೊಂಡಿದ್ದ ಟ್ರೋಪೋಮಯೋಸಿನ್ ಸರಿದು, ಒಂದೊಂದು ಅಣು ಏಳು ಆಕ್ಟಿನ್‌ಗಳ ದಾರಿ ತೆರೆದುಕೊಡುತ್ತದೆ. ಇದನ್ನು ತೋರಿಸಲು ಇನ್ನೊಂದು ಸ್ಲೈಡ್ ಬೇಕೇ ಬೇಕು: ಅದೇ ಪಾಕಕ್ಕೆ 5 ಮಿಲಿಮೋಲಾರ್ ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) ಸೇರಿಸಿ, ಪಿಎಚ್ ಮತ್ತೆ 7ಕ್ಕೆ ತಂದು, ಹನಿಸಿ. ಕ್ಯಾಲ್ಸಿಯಂ ಹಿಡಿದ ಇಜಿಟಿಎ ಪ್ರೋಟಾನ್ ಬಿಡುತ್ತದೆ, ಆಮ್ಲೀಯವಾದರೆ ಅದರ ಹಿಡಿತವೇ ಸಡಿಲವಾಗುತ್ತದೆ. ಬಫರ್ ಇರಬೇಕಾದದ್ದು ಅದಕ್ಕೇ. ಈ ಎಳೆ ಕುಗ್ಗುವುದಿಲ್ಲ, ಮೆತ್ತಗಾಗುತ್ತದೆ. ಸೂಜಿಯಿಂದ ಮೆಲ್ಲಗೆ ಎಳೆದರೆ ಉದ್ದವಾಗುತ್ತದೆ. ಸೆಟೆದ ಎಳೆಗೂ ಸಡಿಲಗೊಂಡ ಎಳೆಗೂ ಇರುವ ವ್ಯತ್ಯಾಸ ಬೆರಳಿಗೇ ತಿಳಿಯುವುದು ಇಲ್ಲಿ.

ಇಜಿಟಿಎ ಇದ್ದೂ ಎಳೆ ಕುಗ್ಗಿತೇ? ಎಳೆಗಳ ಕಟ್ಟು ದಪ್ಪವಾಗಿದೆ ಎಂದು ತಿಳಿಯಿರಿ. ಎಟಿಪಿ ಹೊರಪದರದಲ್ಲೇ ಖರ್ಚಾಗಿ ಒಳಕ್ಕೆ ತೀರಾ ಕಡಿಮೆ ತಲುಪುತ್ತದೆ. ಅಲ್ಲಿ ಇನ್ನೂ ಕಚ್ಚಿಕೊಂಡಿರುವ ತಲೆಗಳು ಟ್ರೋಪೋಮಯೋಸಿನ್ ಅನ್ನು ಪಕ್ಕಕ್ಕೆ ಒತ್ತಿ, ಕ್ಯಾಲ್ಸಿಯಂ ಇಲ್ಲದೆಯೂ ಪಕ್ಕದ ತಲೆಗಳಿಗೆ ಜಾಗ ಬಿಡಿಸುತ್ತವೆ. 0.2 ಮಿಲಿಮೀಟರ್‌ಗಿಂತ ತೆಳುವಾಗಿ ಬಿಡಿಸಿ, ಗ್ಲಿಸರಾಲ್ ತೊಳೆದು, ಕವರ್ ಸ್ಲಿಪ್ ಇಡದೆ ಹನಿಸಿ. ಮೈಕ್ರೋಸ್ಕೋಪ್‌ನಲ್ಲಿ ಪಟ್ಟೆ ನೋಡಬೇಕಿದ್ದರೆ ಹೆಚ್ಚು ಕುಗ್ಗಲು ಬಿಡಬೇಡಿ: ಸಾರ್ಕೋಮಿಯರ್ (ಎರಡು ಜೆಡ್ ಗೆರೆಗಳ ನಡುವಿನ ಘಟಕ) 1.6 ಮೈಕ್ರೋಮೀಟರ್‌ಗಿಂತ ಕಿರಿದಾದರೆ ದಪ್ಪ ತಂತುಗಳು ಜೆಡ್ ಗೆರೆಗೆ ಒತ್ತಿಕೊಂಡು, "ಎ ಪಟ್ಟೆ (ದಪ್ಪ ತಂತುಗಳ ಪಟ್ಟೆ) ಬದಲಾಗುವುದಿಲ್ಲ" ಎಂದು ತೋರಿಸಲು ಪಟ್ಟೆಯೇ ಸ್ಪಷ್ಟವಾಗಿ ಉಳಿದಿರುವುದಿಲ್ಲ.